‘ಗಾಯವಿಲ್ಲ’ ಎಂದಷ್ಟೇ ಬರೆದು ಸಹಿ ಹಾಕಬೇಡಿ

ನಾನು ಕೋಲಾರ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ವೈದ್ಯೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಪ್ರಕರಣದ ಮಗುವನ್ನು ಕರೆತಂದ ಪೊಲೀಸರು ಸಾಮಾನ್ಯವಾಗಿ ಕೇಳುವುದು ಒಂದೇ: “ಮೇಡಂ, ಆಗಿದ್ಯಾ, ಇಲ್ವಾ?” ಅದನ್ನು ತೀರ್ಮಾನಿಸುವುದು ಕೋರ್ಟು. ಮಗು ಏನು ಹೇಳಿತು, ನನಗೇನು ಕಂಡಿತು, ಎರಡಕ್ಕೂ ತಾಳೆಯಾಗುತ್ತದೆಯೇ ಎಂಬುದಷ್ಟೇ ನನ್ನ ವರದಿ.

ಹೆಚ್ಚಿನ ಮಕ್ಕಳಲ್ಲಿ ಏನೂ ಕಾಣುವುದಿಲ್ಲ. ಎಲ್ಲ ದೌರ್ಜನ್ಯದಲ್ಲೂ ಗಾಯವಾಗಬೇಕೆಂದಿಲ್ಲ. ಗಾಯವಾದರೂ ಜನನಾಂಗದ ಭಾಗ ಬೇಗ ಮಾಯುತ್ತದೆ, ಎಷ್ಟೋ ಸಲ ಕಲೆಯೂ ಉಳಿಯುವುದಿಲ್ಲ. ಮಗು ಬಾಯಿಬಿಡುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ. ಹಾಗಾಗಿ ‘ಗಾಯ ಕಂಡುಬಂದಿಲ್ಲ’ ಎಂದ ಮೇಲೆ ಇನ್ನೊಂದು ಸಾಲು ಸೇರಿಸುತ್ತೇನೆ: ‘ಇದರಿಂದ ದೌರ್ಜನ್ಯ ನಡೆದಿಲ್ಲವೆಂದು ಹೇಳಲಾಗದು.’ ಘಟನೆಯಾಗಿ ಎಷ್ಟು ದಿನವಾಯಿತು, ಸ್ನಾನವಾಗಿದೆಯೇ, ಬಟ್ಟೆ ಒಗೆದಿದ್ದಾರೆಯೇ ಎಂಬುದೂ ಅಲ್ಲೇ ಇರಬೇಕು. ಪಾಟಿಸವಾಲಿನಲ್ಲಿ ವಕೀಲರು “ಗಾಯವಿಲ್ಲ ಅಂತ ನೀವೇ ಬರೆದಿದ್ದೀರಲ್ಲ?” ಎಂದಾಗ “ಮುಂದಿನ ಸಾಲನ್ನೂ ಓದಿ ಸಾರ್” ಅನ್ನಬಹುದು.

ಪರೀಕ್ಷೆಗೆ ಅವಸರ ಸಲ್ಲದು. ಚಿಕ್ಕವರನ್ನು ಮಂಚದ ಮೇಲೆ ಮಲಗಿಸದೆ ಅಮ್ಮನ ತೊಡೆಯ ಮೇಲೇ ಕೂರಿಸಿಕೊಂಡು, ಮೊದಲು ಗಂಟಲು, ಮಂಡಿಯ ತರಚು ನೋಡುತ್ತೇನೆ. ಮಗು ಬೇಡವೆಂದರೆ ನಿಲ್ಲಿಸುತ್ತೇನೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮಕ್ಕಳು ತೆಲುಗಿನಲ್ಲಿ ಹೇಳಿದರೆ ಅದೇ ಮಾತನ್ನು ಹಾಗೇ ಬರೆದುಕೊಳ್ಳುತ್ತೇನೆ. ಎರಡು ಬೆರಳಿನ ಪರೀಕ್ಷೆಯ (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಕಲಂ ಇರುವ ಹಳೇ ನಮೂನೆ ಕೈಗೆ ಬಂದರೆ ಅಡ್ಡಗೆರೆ ಹೊಡೆಯಿರಿ. ಅದನ್ನು ಮಾಡುವುದೇ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಘಟನೆಯಾದ 96 ಗಂಟೆಯೊಳಗೆ ಬಂದರೆ ಮೈಯಿಂದ ತೆಗೆದ ಮಾದರಿಗೂ ಬೆಲೆಯಿದೆ. ಹತ್ತಿಯ ಸ್ವಾಬನ್ನು ನೆರಳಲ್ಲಿ ಪೂರ್ತಿ ಒಣಗಿಸಿ ಕಾಗದದ ಕವರಿಗೇ ಹಾಕಿ, ಮೊಹರು ಒತ್ತಿ. ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಬೂಸ್ಟು ಹಿಡಿದರೆ ಪ್ರಯೋಗಾಲಯಕ್ಕೆ ಸಿಗುವುದೇನೂ ಇಲ್ಲ.

ಎಫ್‌ಐಆರ್ ತನ್ನಿ ಎಂದು ಬಾಗಿಲಲ್ಲೇ ನಿಲ್ಲಿಸುವುದನ್ನು ನೋಡಿದರೆ ಈಗಲೂ ಸಿಟ್ಟು ಬರುತ್ತದೆ. ದೂರು ದಾಖಲಾಗದಿದ್ದರೂ ಪರೀಕ್ಷೆ ಮಾಡಬೇಕೆಂದು ಪೋಕ್ಸೊ 27ನೇ ಕಲಮೇ ಹೇಳುತ್ತದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಕಾಗದಕ್ಕೆ ಕಾಯುತ್ತಾ ಕೂತರೆ ಆ ಗಡುವೇ ಮೀರುತ್ತದೆ.

ತಾಯಂದಿರು ಕೊನೆಗೆ ದನಿ ತಗ್ಗಿಸಿ ಕೇಳುವುದು: “ಮುಂದೆ ಮದುವೆ, ಮಕ್ಕಳಿಗೆ ತೊಂದ್ರೆ ಆಗುತ್ತಾ ಮೇಡಂ?” ಪರೀಕ್ಷೆ ಸರಿಯಾಗಿದ್ದರೆ “ಇವಳ ಮೈ ಚೆನ್ನಾಗಿದೆಯಮ್ಮ, ಏನೂ ಕೆಟ್ಟಿಲ್ಲ” ಅನ್ನುತ್ತೇನೆ, ಹುಡುಗಿಗೆ ಕೇಳುವಂತೆ. ಆಮೇಲೆ ಆಪ್ತಸಮಾಲೋಚಕರ ಹತ್ತಿರ ಕಳಿಸಿ, ಮತ್ತೆ ಬರಬೇಕಾದ ತಾರೀಖನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.