ಟಿರಿಟಿರಿ ಮಟಾಂಗಿ ದ್ವೀಪದಲ್ಲಿ ಟೂಯಿ ನೋಡಲು ಹೋಗುವವರಿಗೆ

ನ್ಯೂಜಿಲೆಂಡಿನ ಜೇನುಗುಟುಕ ಹಕ್ಕಿ ಟೂಯಿ ಆಕ್ಲೆಂಡಿನ ಉದ್ಯಾನಗಳಲ್ಲೂ ಸಿಗುತ್ತದೆ. ಅದನ್ನು ಕಾಡಿನಲ್ಲಿ, ಹತ್ತಿರದಿಂದ ನೋಡಬೇಕೆಂದರೆ ಟಿರಿಟಿರಿ ಮಟಾಂಗಿಗೆ ಹೋಗಿ. ನಗರದಿಂದ ಫೆರಿಯಲ್ಲಿ ಸುಮಾರು 75 ನಿಮಿಷ. ಫೆರಿ ದಿನಾ ಇರುವುದಿಲ್ಲ, ಗಾಳಿ ಜೋರಾದರೆ ರದ್ದಾಗುತ್ತದೆ. ಆದ್ದರಿಂದ ಪ್ರವಾಸದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

220 ಹೆಕ್ಟೇರಿನ ಈ ದ್ವೀಪ ಹಿಂದೆ ದನ-ಕುರಿ ಮೇಯಿಸಿ ಬೋಳಾಗಿತ್ತು. 1984ರಿಂದ ಹತ್ತು ವರ್ಷ ಸ್ವಯಂಸೇವಕರು ಎರಡೂವರೆ ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟರು, 1993ರಲ್ಲಿ ಇಲಿಗಳನ್ನೂ ನಿರ್ಮೂಲ ಮಾಡಲಾಯಿತು. ಒಂದು ಇಲಿ ನುಸುಳಿದರೂ ಆ ದುಡಿಮೆಯೆಲ್ಲ ಹಾಳು. ಹಾಗಾಗಿ ಹಿಂದಿನ ರಾತ್ರಿಯೇ ಚೀಲ ಪೂರ್ತಿ ಬರಿದು ಮಾಡಿ ಕೊಡವಿ, ಜಿಪ್ ಎಳೆಯಿರಿ. ಶೂ ಅಡಿಯ ಮಣ್ಣು, ಕಾಲುಚೀಲಕ್ಕಂಟಿದ ಬೀಜ ತೆಗೆಯಿರಿ. ಭಾರತದಿಂದ ತಂದ ಚಾರಣದ ಶೂಗಳನ್ನು ವಿಮಾನ ನಿಲ್ದಾಣದಲ್ಲೇ ಘೋಷಿಸಬೇಕು. ದ್ವೀಪದಲ್ಲಿ ಊಟ ಸಿಗುವುದಿಲ್ಲ. ಬುತ್ತಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ದು, ಕಸವನ್ನು ವಾಪಸ್ ತನ್ನಿ.

ಬಹಳ ಮಂದಿ ತಪ್ಪುವುದು ವಾಟಲ್ ಟ್ರ್ಯಾಕ್ ಎಂಬ ಕಾಲುದಾರಿಯಲ್ಲಿ, ಹಕ್ಕಿಗಳಿಗೆಂದು ಇಟ್ಟ ಜಾಲರಿ ಸುತ್ತಿದ ಸಕ್ಕರೆನೀರಿನ ಗೂಡುಗಳ ಬಳಿ. ಅಲ್ಲಿ ಗಂಟೆಗಟ್ಟಲೆ ಕಾದರೂ ಟೂಯಿ ಒಳಗೆ ಇಳಿಯದು, ಏಕೆಂದರೆ ಆ ಜಾಲರಿ ಇರುವುದೇ ದೊಡ್ಡ ಹಕ್ಕಿಯನ್ನು ಹೊರಗಿಡಲು. ಬರುವುದು ಅದರ ಚಿಕ್ಕ ನೆಂಟ, ಆಲಿವ್ ಹಸಿರಿನ ಕೋರಿಮಾಕೊ, ಮತ್ತು ಹಿಹಿ ಎಂಬ ಇನ್ನೊಂದು ಪುಟ್ಟ ಹಕ್ಕಿ. ಹಿಹಿಯನ್ನೂ ಹಿಂದೆ ಇದೇ ಕುಟುಂಬಕ್ಕೆ ಸೇರಿಸಿದ್ದರು. ಈಗ ಅದರದೇ ಬೇರೆ ಕುಟುಂಬ.

ಟೂಯಿ ಬೇಕಾದರೆ ಹೂವಿನ ಬಳಿ ನಿಲ್ಲಿ. ಆಗಸ್ಟ್‌ನಿಂದ ಅಕ್ಟೋಬರ್ ಕೋಫಾಯ್ ಮರದ ಹಳದಿ ಹೂ, ನವೆಂಬರ್-ಡಿಸೆಂಬರ್ ಹರಕೆಕೆ ಎಂಬ ನಾರಿನ ಗಿಡದ ಹೂ. ಹರಕೆಕೆಯ ಎತ್ತರದ ಹೂದಂಟಿಗೆ ಹಕ್ಕಿ ಕೂತಾಗ ನೋಡಿ: ಬಾಗಿದ ಕೊಕ್ಕು ಬಾಗಿದ ಹೂವಿನೊಳಕ್ಕೆ ಒರೆಗೆ ಕತ್ತಿ ಇಳಿದಂತೆ ಇಳಿಯುತ್ತದೆ, ಹೊರಬಂದಾಗ ಹಣೆಯ ಮೇಲೆ ಕಿತ್ತಳೆ ಪರಾಗದ ಕುಂಕುಮ. ಇದನ್ನು ಕಂಡು ಬೇರೆ ಜಾತಿ ಎಂದುಕೊಳ್ಳುವವರಿದ್ದಾರೆ. ಗುರುತು ಸುಲಭ: ಸುಮಾರು 30 ಸೆಂ.ಮೀ. ಉದ್ದ, ನೆರಳಲ್ಲಿ ಬರೀ ಕಪ್ಪು, ಬಿಸಿಲಲ್ಲಿ ನೀಲಿ-ಹಸಿರು ಮಿಂಚು, ಕತ್ತಿನ ಹಿಂದೆ ಬಿಳಿ ಎಳೆಗಳ ಜಾಲ, ಗಂಟಲಲ್ಲಿ ಎರಡು ಬಿಳಿ ಕುಚ್ಚು. ನಮ್ಮ ಸೂರಕ್ಕಿಯಂತೆ ಮಕರಂದ ಹೀರಿದರೂ ಇವೆರಡಕ್ಕೂ ಹತ್ತಿರದ ಸಂಬಂಧವಿಲ್ಲ. ಹಾರುವಾಗ ರೆಕ್ಕೆಯ ಬುರ್ರೆನ್ನುವ ಸದ್ದೇ ಮೊದಲು ಕೇಳುತ್ತದೆ.

ಫೋಟೊ ತೆಗೆಯುವವರು ಗಮನಿಸಿ, ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಉತ್ತರಕ್ಕೆ ಬೆನ್ನು ಮಾಡಿ ನಿಂತರೆ ಮಾತ್ರ ಬಣ್ಣ ಬರುತ್ತದೆ. ಹಕ್ಕಿ ಫ್ರೇಮ್ ತುಂಬಿದಾಗ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪಿನಷ್ಟು ಇಳಿಸಿ, ಇಲ್ಲದಿದ್ದರೆ ಬಿಳಿ ಕುಚ್ಚು ಸುಟ್ಟುಹೋಗುತ್ತದೆ.

ಬೆಳಗಿನ ಜಾವದ ಹಾಡು ದಿನದ ಫೆರಿಯಲ್ಲಿ ಬಂದವರಿಗೆ ಸಿಗದು. ಅದಕ್ಕೆ ದ್ವೀಪದ ಬಂಕ್‌ಹೌಸಿನಲ್ಲಿ ತಂಗಬೇಕು. ಜಾಗ ಕಡಿಮೆ, ತಿಂಗಳುಗಳ ಮೊದಲೇ ಕಾಯ್ದಿರಿಸಿ, ಮಲಗುವ ಚೀಲ ನೀವೇ ಒಯ್ಯಿರಿ. ಅದೇ ದಿನ ಮರಳುವವರು 1865ರ ದೀಪಸ್ತಂಭದ ಬಳಿಯಿಂದ ಫೆರಿಗೆ ಒಂದು ಗಂಟೆ ಬಾಕಿ ಇರುವಾಗಲೇ ಇಳಿಯಲು ಶುರುಮಾಡಿ.