ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್: ಗೋಡೆ ಮೇಲಿನ ಅರಸರು, ಮೂರನೇ ವಾರ

ಬೈಬಲಿನಲ್ಲಿ ಬರುವ ಇಸ್ರಾಯೇಲ್ ಮತ್ತು ಯೆಹೂದದ ಅರಸರನ್ನೆಲ್ಲ ಗೋಡೆಗೆ ಅಂಟಿಸುವ ಕೆಲಸ ಅರ್ಧಕ್ಕೆ ಬಂದಿದೆ. ಅಂಗಡಿಯಲ್ಲಿ ಬಿಲ್ ಹರಿದು ಕೊಡುತ್ತಾರಲ್ಲ, ಆ ಕಾಗದದ ಎರಡು ರೋಲ್ ತಂದಿದ್ದೆ. ಮೇಲಿನ ಪಟ್ಟಿ ಇಸ್ರಾಯೇಲ್, ಕೆಳಗಿನದು ಯೆಹೂದ. ಸೊಲೊಮೋನ ತೀರಿಕೊಂಡು ರಾಜ್ಯ ಒಡೆದಲ್ಲಿಂದ, ಅಂದರೆ ಸುಮಾರು ಕ್ರಿ.ಪೂ. 930ರಿಂದ ಶುರು. ಬಾಳ ಅನ್ನುವ ಕಾನಾನ್ಯರ ದೇವತೆಯ ಪೂಜೆಗೆ ಕೆಂಪು, ದೇವರ ಮಾತು ಕೇಳಿದವರಿಗೆ ನೀಲಿ. ಎರಡೇ ಪೆನ್ನು ಸಾಕು ಅಂದುಕೊಂಡಿದ್ದೆ.

ಮೊದಲ ಅರಸನೇ ಕೈಕೊಟ್ಟ. ಯಾರೊಬ್ಬಾಮ ಬಾಳನ ತಂಟೆಗೆ ಹೋದವನಲ್ಲ. ಜನ ಯಜ್ಞಕ್ಕೆ ಅಂತ ಯೆರೂಸಲೇಮಿಗೆ ಹೋಗಿ ಬಂದರೆ ಮನಸ್ಸು ಮತ್ತೆ ಸೊಲೊಮೋನನ ಮಗ, ಯೆಹೂದದ ಅರಸ ರೆಹಬ್ಬಾಮನ ಕಡೆ ತಿರುಗೀತು ಅನ್ನುವ ಭಯ ಅವನಿಗೆ. ಅದಕ್ಕೇ ಬೇತೇಲಿನಲ್ಲಿ ಒಂದು, ದಾನಿನಲ್ಲಿ ಒಂದು ಬಂಗಾರದ ಬಸವ ನಿಲ್ಲಿಸಿ, ನಿಮ್ಮನ್ನು ಐಗುಪ್ತದಿಂದ ಕರೆತಂದ ದೇವರು ಇದೇ ಅಂದ. ಯಾಜಕ ಸೇವೆ ಲೇವಿ ಕುಲದವರದ್ದು, ಇವನು ಲೇವಿಯರಲ್ಲದವರನ್ನು ಯಾಜಕರನ್ನಾಗಿ ಮಾಡಿದ. ಎಂಟನೇ ತಿಂಗಳ 15ಕ್ಕೆ ತನ್ನದೇ ಹಬ್ಬ ಇಟ್ಟ. ಭಕ್ತಿಗಿಂತ ಕುರ್ಚಿಯ ಚಿಂತೆ ಜಾಸ್ತಿ, ಅಲ್ವಾ? ಬಸವನಿಗೆ ಅಂತ ಬೇರೆಯೇ ಕಂದು ಪೆನ್ನು ತರಬೇಕಾಯಿತು.

ಆ ಪೆನ್ನು ಈಗ ಮುಗಿಯುತ್ತಾ ಬಂದಿದೆ. ಅಹಾಬನ 22 ಸೆಂಟಿಮೀಟರ್ ಕಡು ಕೆಂಪು, ಅದರ ಕೆಳಗೂ ಕಂದು ಗೆರೆ. ಯೇಹು ಬಾಳನ ಗುಡಿಯನ್ನೇ ಕೆಡವಿದ, ಅವನ 28ರಲ್ಲಿ ಕೆಂಪಿಲ್ಲ. ಆದರೆ ಬಸವಗಳನ್ನು ಮುಟ್ಟಲಿಲ್ಲ. ಕಂದೇ. ಜಿಮ್ರಿ ಆಳಿದ್ದು ಏಳೇ ದಿನ, ಆಮೇಲೆ ತಿರ್ಚದ ಅರಮನೆಗೆ ತಾನೇ ಬೆಂಕಿ ಇಟ್ಟುಕೊಂಡು ಸತ್ತ. ನನ್ನ ಅಳತೆಯಲ್ಲಿ ಅವನು 0.2 ಮಿಲಿಮೀಟರ್, ಪೆನ್ನಿನ ಮೊನೆಯೇ ಅದಕ್ಕಿಂತ ದಪ್ಪ. ಅವನೂ ಯಾರೊಬ್ಬಾಮನ ದಾರಿ ಹಿಡಿದ ಅಂತಲೇ ಬರೆದಿದೆ. ಏಳು ದಿನದಲ್ಲಿ ಬೇತೇಲಿಗೆ ಹೋಗಲು ಪುರುಸೊತ್ತಾದರೂ ಎಲ್ಲಿತ್ತು! ಸುಮ್ನೆ ಒಂದು ಚುಕ್ಕೆ ಇಟ್ಟೆ.

ನಿನ್ನೆ ದೊಡ್ಡ ಎಡವಟ್ಟು. ಯೇಹು ದಂಗೆ ಎದ್ದಾಗ ಇಸ್ರಾಯೇಲಿನ ಯೋರಾಮ, ಯೆಹೂದದ ಅಹಜ್ಯ ಇಬ್ಬರೂ ಒಟ್ಟಿಗೇ ಸತ್ತರು. ಎರಡೂ ಪಟ್ಟಿ ಅಲ್ಲಿ ಸರಿಸಮ ನಿಲ್ಲಬೇಕು. ಮೇಲಿನದು 98, ಕೆಳಗಿನದು 95! ಟೇಪು ಹಿಡಿದು ಮೂರು ಸಲ ಅಳೆದೆ, ಬೈಬಲ್ ತೆಗೆದು ವರ್ಷಗಳನ್ನು ಮತ್ತೆ ಕೂಡಿದೆ. ತಪ್ಪು ನನ್ನದಲ್ಲ. ಅರಸ ಬದಲಾದ ವರ್ಷ ಹೋದವನ ಲೆಕ್ಕಕ್ಕೂ ಬಂದವನ ಲೆಕ್ಕಕ್ಕೂ ಸೇರಿದರೆ ಪಟ್ಟಿ ಉದ್ದವಾಗುತ್ತದೆ. ಮೇಲೆ ಒಂಬತ್ತು ಅರಸರು, ಕೆಳಗೆ ಆರು. ಕತ್ತರಿಸಿ, ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ ಅಂಟಿಸಿದೆ. ಮುಂದೆ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬೀಳುವ ಹೊತ್ತಿಗೆ ಇನ್ನೂ ಜಾಸ್ತಿ ಕತ್ತರಿ ಬೇಕು. ಇಸ್ರಾಯೇಲಿನ 19 ಅರಸರ ವರ್ಷ ಕೂಡಿದರೆ 241 ದಾಟುತ್ತದೆ, ಗೋಡೆಯಲ್ಲಿ ಇರುವ ಜಾಗ 208.

ಯೆಹೂದದಲ್ಲಿ ನೀಲಿ ಇದೆ, ಆದರೆ ಹೆಚ್ಚಿನದು ತುಂಡು ಗೆರೆ. ಆಸ, ಯೆಹೋಷಾಫಾಟ ಒಳ್ಳೆಯವರೇ, ಗುಡ್ಡದ ಮೇಲಿನ ಪೂಜಾಸ್ಥಳಗಳನ್ನು ಮಾತ್ರ ಪೂರ್ತಿ ತೆಗೆಯಲಿಲ್ಲ. ತುಂಡಾಗದ ನೀಲಿ ಹಿಜ್ಕೀಯನಿಗೆ, ಯೋಷೀಯನಿಗೆ.

ಅವರಿಬ್ಬರ ನಡುವೆ ಮನಸ್ಸೆ, 55 ಸೆಂಟಿಮೀಟರ್. ಅರಸುಗಳ ಪುಸ್ತಕದ ಪ್ರಕಾರ ಇಡೀ ಕೆಂಪು, ಯೆರೂಸಲೇಮ್ ಬಿದ್ದದ್ದಕ್ಕೂ ಅವನೇ ಕಾರಣ. ಬೈಬಲಿನದೇ ಇನ್ನೊಂದು ಪುಸ್ತಕ ಪೂರ್ವಕಾಲವೃತ್ತಾಂತದಲ್ಲಿ ಅವನು ಬಾಬೆಲಿಗೆ ಸೆರೆ ಹೋಗಿ, ದೇವರಿಗೆ ಮೊರೆಯಿಟ್ಟು, ವಾಪಸ್ ಬಂದು ವಿಗ್ರಹಗಳನ್ನು ಊರಾಚೆ ಎಸೆದ. ಯಾವ ವರ್ಷ ಅಂತ ಎರಡರಲ್ಲೂ ಇಲ್ಲ. ಕೊನೆಯ ಒಂದು ಗೇಣಿಗೆ ಇನ್ನೂ ಬಣ್ಣ ಹಚ್ಚಿಲ್ಲ.