ಲ್ಯಾಗ್ ದೂರಿನ ಮೊದಲ ಪತ್ರವನ್ನು ಓದುವ ಬಗೆ

ಬೆಂಗಳೂರಿನ ಒಂದು ಆನ್‌ಲೈನ್ ಗೇಮ್ ಕಂಪನಿಯ ಗ್ರಾಹಕ ಸೇವಾ ವಿಭಾಗದಲ್ಲಿ ನೆಟ್‌ವರ್ಕ್ ದೂರುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಮೊದಲ ಹಂತದಲ್ಲಿ ಬಗೆಹರಿಯದ ಟಿಕೆಟ್‌ಗಳಷ್ಟೇ, ಎಂದರೆ ದಾಖಲಾದ ದೂರುಗಳಷ್ಟೇ, ನಮ್ಮ ತಂಡಕ್ಕೆ ಬರುತ್ತವೆ. ಅವು ನಮ್ಮ ಕೈಸೇರುವ ಹೊತ್ತಿಗೆ ಆಟಗಾರರಿಗೆ ರೌಟರ್ ಆಫ್ ಮಾಡಿ ಆನ್ ಮಾಡಿ, ಆಟವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ, ಬೇರೆ ಸಂಪರ್ಕದಲ್ಲಿ ಪ್ರಯತ್ನಿಸಿ ಎಂಬ ಸಿದ್ಧ ಉತ್ತರಗಳು ಹೋಗಿರುತ್ತವೆ. ಅವರು ಅದೆಲ್ಲವನ್ನೂ ಮಾಡಿ, ಫಲ ಕಾಣದೆ, ಎರಡನೆಯ ಸಲವೂ ಅದೇ ಉತ್ತರ ಬಂದದ್ದನ್ನು ನೋಡಿ ನ್ಯಾಯವಾಗಿಯೇ ಸಿಟ್ಟಿಗೆದ್ದಿರುತ್ತಾರೆ. ಈ ಕೆಲಸ ನನಗೆ ಕಲಿಸಿರುವ ಮುಖ್ಯ ಸಂಗತಿಯೆಂದರೆ, ಕೊನೆಯ ಸಿಟ್ಟಿನ ಪತ್ರಕ್ಕಿಂತ ಮುಂಚೆ ಅವರು ಬರೆದ ಮೊದಲ ಪತ್ರವನ್ನು ಹುಡುಕಿ ಓದಬೇಕು ಎಂಬುದು. ದೋಷ ಎಲ್ಲಿದೆ ಎಂಬುದರ ಸುಳಿವು ಬಹಳಷ್ಟು ಸಲ ಅಲ್ಲೇ ಇರುತ್ತದೆ. ನಮ್ಮ ವ್ಯವಸ್ಥೆಯು ಆ ಪತ್ರವನ್ನು ‘ನೆಟ್‌ವರ್ಕ್ ಸಮಸ್ಯೆ’ ಎಂಬ ಒಂದೇ ವರ್ಗಕ್ಕೆ ಸೇರಿಸಿದ ಕ್ಷಣದಲ್ಲಿ ಆ ಸುಳಿವು ಕಳೆದುಹೋಗುತ್ತದೆ.

ಆಟ ತಡವಾಗಿ ಅಥವಾ ತಡೆತಡೆದು ನಡೆಯುವುದನ್ನು ಆಟಗಾರರು ಲ್ಯಾಗ್ ಎನ್ನುತ್ತಾರೆ, ಆದರೆ ಅದು ಒಂದೇ ದೋಷವಲ್ಲ. ‘ಮುಂದೆ ಓಡುತ್ತಿದ್ದೆ, ಯಾರೋ ಹಿಂದಕ್ಕೆ ಎಳೆದು ನಿಲ್ಲಿಸಿದ ಹಾಗಾಯಿತು’ ಎಂದು ಒಬ್ಬರು ಬರೆಯುತ್ತಾರೆ. 1996ರ ಕ್ವೇಕ್‌ವರ್ಲ್ಡ್ ಎಂಬ ಆಟದ ಕಾಲದಿಂದ ವೇಗದ ಆಟಗಳಲ್ಲಿ ಬಳಕೆಗೆ ಬಂದಿರುವ ಕ್ರಮದಂತೆ, ನಮ್ಮ ಫೋನು ಅಥವಾ ಕಂಪ್ಯೂಟರು ಆಟವನ್ನು ನಡೆಸುವ ಕೇಂದ್ರ ಕಂಪ್ಯೂಟರಾದ ಸರ್ವರಿನ ಒಪ್ಪಿಗೆಗಾಗಿ ಕಾಯದೆ ನಮ್ಮ ಚಲನೆಯನ್ನು ತಕ್ಷಣ ಪರದೆಯ ಮೇಲೆ ತೋರಿಸಿಬಿಡುತ್ತದೆ. ಆಮೇಲೆ ಸರ್ವರಿನ ಲೆಕ್ಕ ಬೇರೆಯಾಗಿದ್ದರೆ ನಮ್ಮನ್ನು ಅದು ಹೇಳಿದ ಜಾಗಕ್ಕೆ ಮರಳಿಸುತ್ತದೆ. ಹಾಗಾಗಿ ಹಿಂದಕ್ಕೆ ಎಳೆದ ಅನುಭವವಾದರೆ, ಆಟಗಾರರಿಂದ ಸರ್ವರಿಗೆ ಹೋಗುವ ಪ್ಯಾಕೆಟ್‌ಗಳು, ಎಂದರೆ ಮಾಹಿತಿಯ ಸಣ್ಣ ತುಣುಕುಗಳು, ದಾರಿಯಲ್ಲಿ ಕಳೆದುಹೋಗುತ್ತಿವೆಯೇ ಎಂದು ನಾನು ಮೊದಲು ನೋಡುತ್ತೇನೆ. ‘ಎದುರಾಳಿಗಳೆಲ್ಲ ನಿಂತಲ್ಲೇ ನಿಂತು ಆಮೇಲೆ ಒಮ್ಮೆಲೇ ಬೇರೆ ಕಡೆ ಕಾಣಿಸಿಕೊಂಡರು’ ಎಂದರೆ ಸಂಶಯ ಸರ್ವರಿನಿಂದ ಮರಳುವ ದಾರಿಯ ಮೇಲೆ. ‘ಪಿಂಗ್ ಮೂವತ್ತೇ ಇದೆ, ಆದರೆ ಹೊರಳಿದಾಗ ಚಿತ್ರ ತಡೆತಡೆದು ಬರುತ್ತದೆ’ ಎಂದರೆ ಅದು ನೆಟ್‌ವರ್ಕಿನ ವಿಷಯವೇ ಆಗಿರಲಾರದು, ಏಕೆಂದರೆ ಪಿಂಗ್ ಎಂಬುದು ಸಂದೇಶ ಸರ್ವರಿಗೆ ಹೋಗಿಬರಲು ಹಿಡಿಯುವ ಸಮಯ, ಮೂವತ್ತು ಮಿಲಿಸೆಕೆಂಡ್ ಎಂದರೆ ಕಡಿಮೆಯೇ. ಫೋನು ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಿರುವ ಸಾಧ್ಯತೆ ಹೆಚ್ಚು.

ಇವೆಲ್ಲಕ್ಕಿಂತ ಹೆಚ್ಚು ಮನಸ್ತಾಪಕ್ಕೆ ಕಾರಣವಾಗುವ ದೂರು ಮತ್ತೊಂದಿದೆ: ‘ನಾನು ಗೋಡೆಯ ಮರೆಗೆ ಸೇರಿದ ಮೇಲೆ ಗುಂಡು ತಗುಲಿ ಸತ್ತೆ.’ ಇಲ್ಲಿ ಸರ್ವರ್ ಹಳಿತಪ್ಪಿಲ್ಲ. ಗೇಮ್ ತಯಾರಕರಾದ ವಾಲ್ವ್ ಕಂಪನಿಯವರು 2001ರಲ್ಲೇ ವಿವರಿಸಿದ ವಿಧಾನದ ಪ್ರಕಾರ, ಗುಂಡು ಹಾರಿಸಿದವರ ಸಂದೇಶ ತಲುಪಿದಾಗ ಸರ್ವರ್ ಎಲ್ಲರ ಸ್ಥಾನಗಳನ್ನು ಆ ಕ್ಷಣದಲ್ಲಿ ಅವರ ಪರದೆಯಲ್ಲಿ ಕಂಡಷ್ಟು ಹಿಂದಕ್ಕೆ ಸರಿಸಿ ತೀರ್ಪು ಕೊಡುತ್ತದೆ. ಹಾರಿಸಿದವರ ಪಿಂಗ್ 150 ಮಿಲಿಸೆಕೆಂಡ್ ಇದ್ದರೆ, 20 ಮಿಲಿಸೆಕೆಂಡ್ ಪಿಂಗ್ ಇರುವ ನಾವು ನಮ್ಮ ಪರದೆಯಲ್ಲಿ ಆಗಲೇ ಮರೆಯಾಗಿದ್ದರೂ ಅವರ ಪರದೆಯಲ್ಲಿ ಇನ್ನೂ ಬಯಲಲ್ಲಿರುತ್ತೇವೆ. ಎಂದರೆ ದೂರು ಕೊಟ್ಟವರ ಸಂಪರ್ಕ ಅತ್ಯುತ್ತಮವಾಗಿದ್ದೂ ಹೀಗಾಗುತ್ತದೆ. ಅಂಥವರಿಗೆ ‘ನಿಮ್ಮ ರೌಟರನ್ನು ಪರೀಕ್ಷಿಸಿ’ ಎಂದು ಬರೆಯುವುದು ಅವರಿಗೂ ಅನ್ಯಾಯ, ಅವರಿಗೆ ಇಂಟರ್ನೆಟ್ ಕೊಟ್ಟವರಿಗೂ ಅನ್ಯಾಯ. ಆಟ ಹೀಗೇಕೆ ತೀರ್ಪು ಕೊಟ್ಟಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬಿಡಿಸಿ ಹೇಳಿದರೆ ಬಹಳಷ್ಟು ಮಂದಿ ಒಪ್ಪಿಕೊಳ್ಳುತ್ತಾರೆ, ಒಪ್ಪದವರೂ ಉತ್ತರ ಸಿಕ್ಕಿತೆಂದು ಸಮಾಧಾನಪಡುತ್ತಾರೆ.

ಸರಾಸರಿ ಸಂಖ್ಯೆಗಳನ್ನು ಅವಲಂಬಿಸುವುದು ನಮ್ಮ ಕ್ಷೇತ್ರದ ದೊಡ್ಡ ತೊಡಕು. ಸೆಕೆಂಡಿಗೆ 64 ಸಲ ಸ್ಥಿತಿಯನ್ನು ಲೆಕ್ಕಹಾಕಿ ಅಷ್ಟೇ ಪ್ಯಾಕೆಟ್ ಕಳಿಸುವ ಸರ್ವರ್ ಒಂದು ನಿಮಿಷದಲ್ಲಿ 3840 ಪ್ಯಾಕೆಟ್ ಕಳಿಸುತ್ತದೆ. ಅದರಲ್ಲಿ ಶೇಕಡ 1ರಷ್ಟು, ಎಂದರೆ ಸುಮಾರು 38 ಪ್ಯಾಕೆಟ್‌ಗಳು ಅಲ್ಲೊಂದು ಇಲ್ಲೊಂದರಂತೆ ಕಳೆದುಹೋದರೆ ಆಟಗಾರರಿಗೆ ಗೊತ್ತೇ ಆಗದಿರಬಹುದು, ಏಕೆಂದರೆ ಮುಂದಿನ ಪ್ಯಾಕೆಟ್ 16 ಮಿಲಿಸೆಕೆಂಡಿನೊಳಗೆ ಹೊಸ ಸ್ಥಿತಿಯನ್ನು ತಂದುಕೊಡುತ್ತದೆ. ಅದೇ 38 ಪ್ಯಾಕೆಟ್‌ಗಳು ಒಟ್ಟಿಗೆ ಕಳೆದುಹೋದರೆ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಆಟ ಕುರುಡಾಗುತ್ತದೆ, ಮತ್ತು ಎದುರುಬದುರು ಗುಂಡಿನ ಕಾಳಗ ಮುಗಿಯಲು ಅಷ್ಟು ಸಮಯ ಸಾಕು. ಎರಡೂ ಸಂದರ್ಭದಲ್ಲಿ ನಮ್ಮ ಫಲಕದ ಮೇಲಿನ ಸಂಖ್ಯೆ ಒಂದೇ. ಆ ಸಂಖ್ಯೆಯನ್ನು ಮುಂದಿಟ್ಟುಕೊಂಡು ‘ನಿಮ್ಮ ಸಂಪರ್ಕ ಸಾಮಾನ್ಯವಾಗಿದೆ’ ಎಂದು ಉತ್ತರಿಸಿದರೆ, ಕಣ್ಣಾರೆ ಕಂಡವರನ್ನು ಸುಳ್ಳುಗಾರರೆಂದು ಕರೆದಂತಾಗುತ್ತದೆ. ಆದ್ದರಿಂದ ನಾವು ಆಟಗಾರರಿಂದ ಮೊದಲು ಕೇಳುವುದು ಗಡಿಯಾರದ ಸಮಯವನ್ನು. ‘ರಾತ್ರಿ ಹೊತ್ತು’ ಎಂದರೆ ಸಾಲದು; 9 ಗಂಟೆ 42 ನಿಮಿಷ ಎಂದು ತಿಳಿದರೆ ಆ ನಿಮಿಷದ ದಾಖಲೆಯನ್ನು ತೆರೆದು ನೋಡಬಹುದು.

ಯಾರಿಂದಲೂ ಸರಿಪಡಿಸಲಾಗದ ವಿಳಂಬವೂ ಉಂಟು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಆದ್ದರಿಂದ ಸರ್ವರ್ ಇರುವ ಪ್ರತಿ 1000 ಕಿಲೋಮೀಟರ್ ದೂರಕ್ಕೆ ಹೋಗಿಬರಲು 10 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್ ಸುತ್ತುಬಳಸಿ ಹೋಗುವುದರಿಂದ ಮತ್ತು ನಡುವಿನ ಯಂತ್ರಗಳಿಂದ ನಿಜದಲ್ಲಿ ಅದಕ್ಕಿಂತ ಹೆಚ್ಚೇ ಆಗುತ್ತದೆ. ಬೆಂಗಳೂರಿನಿಂದ ಮುಂಬೈನ ಸರ್ವರಿಗೆ ಇದು ತೊಂದರೆ ಕೊಡುವುದಿಲ್ಲ. ಯುರೋಪಿನ ಸರ್ವರಿನಲ್ಲಿರುವ ಗೆಳೆಯರ ಜೊತೆ ಆಡುವವರಿಗೆ ಮಾತ್ರ, 100ಕ್ಕಿಂತ ಕಡಿಮೆ ಪಿಂಗ್ ಯಾವ ದುಬಾರಿ ಪ್ಲಾನಿನಿಂದಲೂ ಸಿಗುವುದಿಲ್ಲವೆಂದು ಮೊದಲ ಉತ್ತರದಲ್ಲೇ ಹೇಳಿಬಿಡುವುದು ಪ್ರಾಮಾಣಿಕ ನಡೆ.

ನಾನು ಬಹಳ ಕಾಲ ನೆನಪಿಟ್ಟುಕೊಂಡಿರುವ ಪ್ರಕರಣ ದಾವಣಗೆರೆ ಕಡೆಯ ಆಟಗಾರರದ್ದು. ಒಂದೇ ಇಂಟರ್ನೆಟ್ ಕಂಪನಿಯ ಗ್ರಾಹಕರಾಗಿದ್ದ ಹಲವರು, ಹಗಲಿನಲ್ಲಿ ಮೂವತ್ತರ ಆಸುಪಾಸಿನಲ್ಲಿರುವ ಪಿಂಗ್ ಸಂಜೆಯಾದ ಮೇಲೆ ನೂರನ್ನು ಮುಟ್ಟುತ್ತದೆ ಎಂದು ಬರೆಯುತ್ತಿದ್ದರು. ಅವರು ಕಳಿಸಿದ ಟ್ರೇಸ್‌ರೂಟ್‌ನಲ್ಲಿ, ಎಂದರೆ ಪ್ಯಾಕೆಟ್ ಹಾದುಹೋಗುವ ಹಂತಗಳ ಪಟ್ಟಿಯಲ್ಲಿ, ಪ್ಯಾಕೆಟ್‌ಗಳು ನೇರವಾಗಿ ಮುಂಬೈಗೆ ಹೋಗುತ್ತಿದ್ದವು. ಇಂಟರ್ನೆಟ್ ಕಂಪನಿಯವರು ಅದನ್ನೇ ತೋರಿಸಿ ತಮ್ಮ ದಾರಿ ಸರಿಯಿದೆ ಎಂದಿದ್ದರು, ನಮ್ಮ ಮೊದಲ ಹಂತದವರು ಸರ್ವರ್ ಸರಿಯಿದೆ ಎಂದಿದ್ದರು. ಇಬ್ಬರ ಮಾತೂ ನಿಜವೇ ಆಗಿತ್ತು. ಆದರೆ ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿಯನ್ನು ಮಾತ್ರ. ಪ್ಯಾಕೆಟ್ ಮರಳುವ ದಾರಿ ಬೇರೆಯಾಗಿರಬಹುದು, ಮತ್ತು ಅದನ್ನು ಕಾಣಬೇಕಾದರೆ ಸರ್ವರಿನ ಕಡೆಯಿಂದಲೇ ಆಟಗಾರರತ್ತ ಅಳೆಯಬೇಕು. ಹಾಗೆ ಅಳೆದಾಗ ಮುಂಬೈನಿಂದ ಹೊರಟ ಪ್ಯಾಕೆಟ್ ಸಮುದ್ರ ದಾಟಿ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ಚೆನ್ನೈಗೆ ಬಂದು, ಕೊನೆಗೆ ದಾವಣಗೆರೆ ತಲುಪುತ್ತಿತ್ತು. ಎರಡು ಜಾಲಗಳ ನಡುವಿನ ನೇರ ಕೊಂಡಿ ಸಂಜೆ ತುಂಬಿಹೋಗುತ್ತಿದ್ದುದರಿಂದ ದಟ್ಟಣೆಯ ಒಂದು ಪಾಲನ್ನು ಹೊರದೇಶದ ಮೂಲಕ ತಿರುಗಿಸಲಾಗುತ್ತಿತ್ತು. ದೇಶದೊಳಗಿನ ದಟ್ಟಣೆ ದೇಶದೊಳಗೇ ಉಳಿಯಲೆಂದು 2003ರಲ್ಲಿ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸ್ಥಾಪನೆಯಾಗಿದ್ದರೂ, ಯಾವ ದಾರಿ ಹಿಡಿಯಬೇಕೆಂಬುದನ್ನು ಪ್ರತಿಯೊಂದು ಜಾಲವೂ ತನ್ನ ಖರ್ಚುವೆಚ್ಚ ನೋಡಿಕೊಂಡೇ ನಿರ್ಧರಿಸುತ್ತದೆ. ನಮ್ಮ ನೆಟ್‌ವರ್ಕ್ ತಂಡ ಆ ಭಾಗದ ಮರುದಾರಿಯನ್ನು ದೇಶದೊಳಗಿನ ಇನ್ನೊಂದು ಕೊಂಡಿಗೆ ಬದಲಿಸಿದ ಮೇಲೆ ಸಂಜೆಯ ಪಿಂಗ್ ಹಗಲಿನ ಮಟ್ಟಕ್ಕೆ ಇಳಿಯಿತು. ದೂರುಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗಿದ್ದರೆ ಇದು ಎಂದೂ ಹೊರಬೀಳುತ್ತಿರಲಿಲ್ಲ. ಊರು, ಕಂಪನಿ, ಸಮಯ ಈ ಮೂರರಂತೆ ಅವುಗಳನ್ನು ಜೋಡಿಸಿ ನೋಡಿದಾಗ ಚಿತ್ರ ತಾನಾಗಿ ಮೂಡಿತು.

ಮನೆಯೊಳಗಿನ ದೋಷಗಳೂ ಕಡಿಮೆಯಲ್ಲ, ಆದರೆ ಅವನ್ನೂ ಸರಿಯಾಗಿ ಹೆಸರಿಸಬೇಕು. ‘ನನ್ನದು 100 ಎಂಬಿಪಿಎಸ್ ಸಂಪರ್ಕ’ ಎನ್ನುವವರಿಗೆ ನಾನು ತಿಳಿಸುವುದೇನೆಂದರೆ, ಆಟಕ್ಕೆ ಸಾಮಾನ್ಯವಾಗಿ ಅದರ ನೂರರಲ್ಲಿ ಒಂದು ಪಾಲೂ ಬೇಕಾಗುವುದಿಲ್ಲ. ಬೇಕಾದದ್ದು ಪ್ಯಾಕೆಟ್ ಎಲ್ಲೂ ಸಾಲಿನಲ್ಲಿ ನಿಲ್ಲದಿರುವುದು. ಮನೆಯಲ್ಲಿ ಮತ್ತೊಬ್ಬರು ವಿಡಿಯೊ ಅಪ್‌ಲೋಡ್ ಮಾಡುತ್ತಿದ್ದರೆ ರೌಟರಿನೊಳಗಿನ ಬಫರ್ ಎಂಬ ಕಾಯುವ ಜಾಗ ತುಂಬಿ, ಸಣ್ಣ ಗೇಮ್ ಪ್ಯಾಕೆಟ್ ದೊಡ್ಡ ಕಡತದ ಹಿಂದೆ ನೂರಾರು ಮಿಲಿಸೆಕೆಂಡ್ ಕಾಯುತ್ತದೆ. ಸಾಲನ್ನು ನ್ಯಾಯವಾಗಿ ಹಂಚುವ ಎಫ್‌ಕ್ಯೂ-ಕೋಡೆಲ್ ಎಂಬ ಕ್ರಮ 2018ರಲ್ಲೇ ಪ್ರಕಟಿತ ಇಂಟರ್ನೆಟ್ ದಾಖಲೆಯಾಗಿದ್ದರೂ, ಕಂಪನಿಗಳು ಮನೆಗೆ ಕೊಡುವ ಅಗ್ಗದ ರೌಟರುಗಳಲ್ಲಿ ಆ ಸೌಲಭ್ಯ ಕಾಣುವುದು ಅಪರೂಪ. ಅದಿಲ್ಲದವರು ಆಡುವ ಹೊತ್ತಿನಲ್ಲಿ ಅಪ್‌ಲೋಡ್ ನಿಲ್ಲಿಸಿ, ವೈಫೈ ಬದಲು ಕೇಬಲ್ ಹಾಕಿಕೊಳ್ಳುವುದು ಒಳ್ಳೆಯದು. ಕೇಬಲ್ ಸಾಧ್ಯವಿಲ್ಲದಿದ್ದರೆ 5 ಗಿಗಾಹರ್ಟ್ಸ್ ವೈಫೈ ಬಳಸಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದನ್ನೊಂದು ತಗುಲದ ಚಾನೆಲ್‌ಗಳು 1, 6, 11 ಎಂಬ ಮೂರೇ ಆಗಿರುವುದರಿಂದ ಅಪಾರ್ಟ್‌ಮೆಂಟುಗಳಲ್ಲಿ ಅಲ್ಲಿ ಜಾಗವೇ ಉಳಿದಿರುವುದಿಲ್ಲ.

ಇಂಟರ್ನೆಟ್ ಕಂಪನಿಗೆ ದೂರು ಕೊಡುವಾಗ ಎರಡು ವಿಷಯಗಳನ್ನು ಗಮನದಲ್ಲಿಡಬೇಕು. ದೂರಿನ ಜೊತೆ ಕಳಿಸುವ ಟ್ರೇಸ್‌ರೂಟ್ ಮಾದರಿಯ ಚಿತ್ರದಲ್ಲಿ ನಡುವಿನ ಯಾವುದೋ ಒಂದು ರೌಟರಿನ ಹಂತದಲ್ಲಿ ಶೇಕಡ 60ರಷ್ಟು ಪ್ಯಾಕೆಟ್ ನಷ್ಟ ಕಂಡು, ಅದರ ನಂತರದ ಹಂತಗಳಲ್ಲಿ ನಷ್ಟವಿಲ್ಲದಿದ್ದರೆ ಅದು ನಿಜವಾದ ನಷ್ಟವಲ್ಲ. ಆ ರೌಟರ್ ತನ್ನನ್ನು ಪರೀಕ್ಷಿಸುವ ಸಂದೇಶಗಳಿಗೆ ಉತ್ತರಿಸುವುದನ್ನು ಕಡಿಮೆ ಮಾಡಿಕೊಂಡಿದೆ, ಅಷ್ಟೆ. ನಷ್ಟ ಕೊನೆಯ ಹಂತದವರೆಗೂ ಮುಂದುವರಿದರೆ ಮಾತ್ರ ಆ ಚಿತ್ರಕ್ಕೆ ಬೆಲೆ. ಇನ್ನು, ದೂರಿನ ಡಾಕೆಟ್ ಸಂಖ್ಯೆಯನ್ನು ಕೇಳಿ ಪಡೆಯದೆ ಫೋನ್ ಇಡಬಾರದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ದೂರು ಕೇಂದ್ರದಲ್ಲಿ ಪರಿಹಾರ ಸಿಗದವರು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಆ ಸಂಖ್ಯೆ ಬೇಕು. ನಮಗೆ ಬರೆಯುವ ಆಟಗಾರರಲ್ಲಿ ಇದನ್ನು ಬಲ್ಲವರು ತೀರ ಕಡಿಮೆ, ಆದ್ದರಿಂದ ನಮ್ಮ ಉತ್ತರದಲ್ಲೇ ಇದನ್ನು ಸೇರಿಸುತ್ತೇವೆ.

ಸಪೋರ್ಟ್ ಕಳಪೆಯಾಗುವುದು ಅಲ್ಲಿ ಕುಳಿತವರ ಉದಾಸೀನದಿಂದ ಎಂದು ನಾನು ಒಪ್ಪುವುದಿಲ್ಲ. ಮೊದಲ ಹಂತದಲ್ಲಿ ಕೆಲಸ ಮಾಡುವವರನ್ನು ಎಷ್ಟು ಬೇಗ ಟಿಕೆಟ್ ಮುಚ್ಚಿದರು ಎಂಬುದರಿಂದ ಅಳೆದರೆ, ಸಿದ್ಧ ಉತ್ತರ ಕಳಿಸುವುದೇ ಅವರ ಪಾಲಿಗೆ ಬುದ್ಧಿವಂತಿಕೆಯಾಗುತ್ತದೆ. ನಮ್ಮಲ್ಲಿ ಅಳತೆಯನ್ನು ಬದಲಿಸಿ, ಅದೇ ಆಟಗಾರರು ಅದೇ ವಿಷಯಕ್ಕೆ ಮತ್ತೆ ಬರೆಯಬೇಕಾಯಿತೇ ಎಂಬುದನ್ನು ನೋಡತೊಡಗಿದ ಮೇಲೆ, ಅದೇ ಜನ ಅದೇ ಮೇಜಿನಲ್ಲಿ ಕುಳಿತು ಹೆಚ್ಚು ಉತ್ತಮ ಪ್ರಶ್ನೆಗಳನ್ನು ಕೇಳತೊಡಗಿದರು. ದೋಷ ಆಟಗಾರರ ಮನೆಯಲ್ಲಿದೆಯೇ, ಇಂಟರ್ನೆಟ್ ಕಂಪನಿಯ ಬಳಿಯೇ, ನಮ್ಮ ಬಳಿಯೇ ಎಂಬುದನ್ನು ಉತ್ತರದ ಮೊದಲ ವಾಕ್ಯದಲ್ಲೇ ಹೇಳಬೇಕೆಂಬುದು ಈಗ ತಂಡದ ನಿಯಮ. ದೋಷ ನಮ್ಮದಾಗಿದ್ದರೆ ಅದನ್ನು ಬರೆಯಲು ಮೇಲಿನವರ ಅನುಮತಿ ಬೇಕಿಲ್ಲ.

2025ರ ಸೆಪ್ಟೆಂಬರಿನಲ್ಲಿ ಜೆಡ್ಡಾ ಬಳಿ ಕೆಂಪು ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳು ತುಂಡಾದಂಥ ಸಂದರ್ಭದಲ್ಲಿ, ದುರಸ್ತಿ ಹಡಗು ಕೆಲಸ ಮುಗಿಸುವವರೆಗೆ ನಮ್ಮಿಂದ ಸರಿಪಡಿಸಲು ಏನೂ ಇರುವುದಿಲ್ಲ, ಆದರೆ ಆಟದ ಮುಖಪುಟದಲ್ಲಿ ಒಂದು ಸೂಚನೆ ಹಾಕಿದರೆ ಎಷ್ಟೋ ಜನ ತಮ್ಮ ರೌಟರುಗಳನ್ನು ಬಿಚ್ಚಿ ಜೋಡಿಸುವ ಕಷ್ಟ ತಪ್ಪುತ್ತದೆ. ಒಂದೇ ಜಾಲದ ಹಲವರು ಒಂದೇ ನಿಮಿಷದಲ್ಲಿ ಆಟದಿಂದ ಹೊರಬಿದ್ದರೆ, ಅರ್ಧಕ್ಕೆ ಬಿಟ್ಟುಹೋದವರ ಮೇಲೆ ಬೀಳುವ ರ‍್ಯಾಂಕ್ ದಂಡವನ್ನು ಅವರು ಕೇಳುವ ಮುಂಚೆಯೇ ಹಿಂತೆಗೆದುಕೊಳ್ಳುತ್ತೇವೆ. ಮಲೆನಾಡಿನ ಹಳ್ಳಿಯೊಂದರಲ್ಲಿ ಒಂದೇ ಮೊಬೈಲ್ ಟವರನ್ನು ನೆಚ್ಚಿಕೊಂಡು ಒಬ್ಬಂಟಿಯಾಗಿ ಆಡುವವರ ವಿಷಯದಲ್ಲಿ ಮಾತ್ರ ಈ ನಿಯಮ ಕೆಲಸ ಮಾಡುವುದಿಲ್ಲ. ಸಿಗ್ನಲ್ ಹೋಯಿತೋ, ಸೋಲುತ್ತಿದ್ದೇನೆಂದು ಫೋನ್ ಆರಿಸಿದರೋ ಎಂಬುದು ನಮ್ಮ ದಾಖಲೆಯಲ್ಲಿ ಒಂದೇ ರೀತಿ ಕಾಣುತ್ತದೆ. ಸದ್ಯಕ್ಕೆ ಅಂಥವರ ಹಿಂದಿನ ಆಟಗಳನ್ನು ತೆರೆದು, ಗೆಲ್ಲುತ್ತಿದ್ದಾಗಲೂ ಅವರು ಇದೇ ರೀತಿ ಹೊರಬಿದ್ದಿದ್ದಾರೆಯೇ ಎಂದು ಕೈಯಾರೆ ನೋಡುತ್ತಿದ್ದೇವೆ, ಮತ್ತು ಬಿದ್ದಿದ್ದರೆ ದಂಡವನ್ನು ತೆಗೆದುಹಾಕುತ್ತಿದ್ದೇವೆ.